ಭೇಡಿಯ ನೀರು, ಬೈಶಾಖದ ಬಿಸಿಲು

ಕಲ್ಕತ್ತೆಯಲ್ಲಿ ಏಪ್ರಿಲ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಭೀಷೊಣ್ ಗೊರೊಮ್!" ಎದುರುಮನೆಯ ಬೌದಿ, ಟ್ಯಾಕ್ಸಿಯವನು, ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಮಾರುವವನು, ಎಲ್ಲರದ್ದೂ ಅದೇ ರಾಗ. ನಾನು ತೀರ್ಥಹಳ್ಳಿ ಕಡೆಯವನು, 1983ರಲ್ಲಿ ಇಲ್ಲಿಗೆ ಬಂದೆ. ನಲವತ್ತು ಬೇಸಿಗೆ ಕಳೆದ ಮೇಲೂ ಈ ಸೆಕೆ ಅಭ್ಯಾಸವಾಗಿದೆ ಅಂತ ಹೇಳಿದರೆ ನನ್ನ ಬನಿಯನ್ನೇ ನಗುತ್ತದೆ. 2024ರ ಏಪ್ರಿಲ್ ಕೊನೆಯಲ್ಲಂತೂ ಇಲ್ಲಿ 43 ಡಿಗ್ರಿ ಆಗಿತ್ತು.

ಆದರೆ ಇವತ್ತು ಬರೆಯಹೊರಟಿದ್ದು ನಮ್ಮ ಬೆವರಿನ ಬಗ್ಗೆ ಅಲ್ಲ, ಮೀನಿನ ಬಗ್ಗೆ. ಹುಳಿ ಅನ್ನ ತಿನ್ನುವವನಿಗೆ ಮೀನಿನ ಉಸಾಬರಿ ಯಾಕೆ ಅಂತ ಕೇಳಬೇಡಿ. ನಾನು ಮೂವತ್ತು ವರ್ಷ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಬಾಟಲಿಯಲ್ಲಿ ಬರುತ್ತಿದ್ದ ನೀರಿನ ಹಿಂದೆ ಒಂದು ಕೊಳ, ಕೊಳದ ಹಿಂದೆ ಒಂದಷ್ಟು ಜನ, ಅವರ ಹೊಟ್ಟೆಪಾಡು ಇರುತ್ತಿತ್ತು. ಮೀನು ತಿನ್ನದಿದ್ದರೂ ಮೀನು ಯಾಕೆ ಸಾಯುತ್ತದೆ ಅಂತ ತಿಳಿದುಕೊಳ್ಳಬೇಕಾಗಿತ್ತು.

ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ "ಲ ಶಾಟ್ಲಿಯೆ ತತ್ವ" ಅಂತ ಒಂದು ನೆನಪಿರಬಹುದು. ಪರೀಕ್ಷೆಯಲ್ಲಿ ನಾಲ್ಕು ಮಾರ್ಕಿನ ಪ್ರಶ್ನೆ; ಬಾಯಿಪಾಠ ಮಾಡಿ ಬರೆದು, ಹಾಲಿನಿಂದ ಹೊರಗೆ ಬರುವಷ್ಟರಲ್ಲಿ ಮರೆತೂ ಆಗಿರುತ್ತಿತ್ತು. ವಿಷಯ ಮಾತ್ರ ಬಹಳ ಸರಳ.

ಕೆಲವು ರಾಸಾಯನಿಕ ಕ್ರಿಯೆಗಳು ಒಂದೇ ದಿಕ್ಕಿಗೆ ಹೋಗಿ ಮುಗಿಯುವುದಿಲ್ಲ. ಹೋಗುವುದೂ ಬರುವುದೂ ಒಟ್ಟೊಟ್ಟಿಗೇ ನಡೆಯುತ್ತಿರುತ್ತದೆ. ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಂ ನೆನಪು ಮಾಡಿಕೊಳ್ಳಿ. ನಿಮಿಷಕ್ಕೆ ಇನ್ನೂರು ಜನ ಒಳಗೆ ಬಂದು, ಇನ್ನೂರು ಜನ ಹೊರಗೆ ಹೋದರೆ, ಮೇಲಿನ ಸೇತುವೆಯಲ್ಲಿ ನಿಂತು ನೋಡುವವನಿಗೆ ಗುಂಪು ಇದ್ದಷ್ಟೇ ಇದೆ ಅನ್ನಿಸುತ್ತದೆ. ಮುಖಗಳು ಮಾತ್ರ ಬದಲಾಗುತ್ತಲೇ ಇರುತ್ತವೆ. ಇದೇ ರಾಸಾಯನಿಕ ಸಮತೋಲನ. ನಿಂತ ಹಾಗೆ ಕಾಣುತ್ತದೆ, ನಿಂತಿರುವುದಿಲ್ಲ.

ಈಗ ಬಿಸಿಯ ಮಾತು. ಇಂಥ ಜೋಡಿ ಕ್ರಿಯೆಯಲ್ಲಿ ಒಂದು ದಿಕ್ಕು ಬಿಸಿಯನ್ನು ಹೀರಿಕೊಳ್ಳುವಂಥದ್ದಾದರೆ ಇನ್ನೊಂದು ದಿಕ್ಕು ಅಷ್ಟೇ ಬಿಸಿಯನ್ನು ಬಿಡಬೇಕು. ಉಷ್ಣಾಂಶ ಏರಿದಾಗ ಎರಡೂ ಕಡೆಯ ಓಡಾಟ ಜೋರಾಗುತ್ತದೆ, ಆದರೆ ಬಿಸಿ ಹೀರುವ ದಿಕ್ಕಿನದು ಹೆಚ್ಚು ಜೋರಾಗುತ್ತದೆ. ಹಾಗಾಗಿ ತಕ್ಕಡಿ ಆ ಕಡೆಗೆ ವಾಲುತ್ತದೆ. ತಣಿಸಿದರೆ ವಾಪಸು ಈ ಕಡೆಗೆ. ಇಷ್ಟೇ! 1884ರಲ್ಲಿ ಫ್ರಾನ್ಸಿನ ಲ ಶಾಟ್ಲಿಯೆ ಮತ್ತು ಹಾಲೆಂಡಿನ ವಾಂಟ್ ಹಾಫ್ ಇಬ್ಬರೂ ಈ ಮಾತನ್ನು ತಂತಮ್ಮ ರೀತಿಯಲ್ಲಿ ಹೇಳಿದರು. ವಾಂಟ್ ಹಾಫ್ ಅದಕ್ಕೆ ಲೆಕ್ಕದ ಸೂತ್ರವನ್ನೂ ಕೊಟ್ಟ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದದ್ದು ಅವನಿಗೇ.

ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡುತ್ತಿದ್ದೆವು. ಸಾಮಾನುಗಳಿಗೆ ತೇವ ತಾಗದಿರಲಿ ಅಂತ ಗಾಜಿನ ಡಬ್ಬಿಯಲ್ಲಿ ನೀಲಿ ಬಣ್ಣದ ಸಿಲಿಕಾ ಹರಳು ಹಾಕಿ ಇಡುತ್ತಿದ್ದೆವು. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು. ಕಲ್ಕತ್ತೆಯ ಆಷಾಢದಲ್ಲಿ ಕೆಲವೇ ದಿನಕ್ಕೆ ಅದು ನೀರು ಹಿಡಿದು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಬಿಸಿ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದರೆ ಹಿಡಿದ ನೀರನ್ನು ಬಿಟ್ಟು ಮತ್ತೆ ನೀಲಿ. ನೀರು ಬಿಡುವುದು ಬಿಸಿ ಹೀರುವ ಕೆಲಸ, ಆದ್ದರಿಂದ ಕಾಯಿಸಿದಾಗ ತಕ್ಕಡಿ ಆ ಕಡೆಗೆ ವಾಲುತ್ತದೆ. ವರ್ಷಗಟ್ಟಲೆ ಅದೇ ಹರಳು, ಗುಲಾಬಿ-ನೀಲಿ, ಗುಲಾಬಿ-ನೀಲಿ.

ಈ ಸಣ್ಣ ನಿಯಮವನ್ನು ಸೂರ್ಯನವರೆಗೆ ಕೊಂಡೊಯ್ದವರು ಇದೇ ಊರಿನಲ್ಲಿದ್ದರು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಮೇಘನಾದ ಸಾಹಾ. ಢಾಕಾ ಬಳಿಯ ಶ್ಯಾವ್‌ರಾತಲಿ ಎಂಬ ಹಳ್ಳಿಯಿಂದ ಬಂದ ಬಡವರ ಮನೆಯ ಹುಡುಗ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯರ ಶಿಷ್ಯ. ಮುಂದೆ ರಾಜಾಬಜಾರಿನ ಸೈನ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಸೂರ್ಯನ ಮೇಲ್ಪದರದಲ್ಲಿ ಕ್ಯಾಲ್ಸಿಯಂ ಪರಮಾಣು ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುವುದನ್ನು ಅವರು ಸಾಮಾನ್ಯ ರಾಸಾಯನಿಕ ಕ್ರಿಯೆ ಅಂತಲೇ ಭಾವಿಸಿದರು. ಒಡೆಯುವಾಗ ಬಿಸಿ ಹೀರುತ್ತದೆ, ಕೂಡುವಾಗ ಬಿಡುತ್ತದೆ. ಅಂದಮೇಲೆ ಬಿಸಿ ಎಷ್ಟಿದ್ದರೆ ಎಷ್ಟು ಪಾಲು ಒಡೆದಿರುತ್ತದೆ ಅಂತ ಲೆಕ್ಕ ಹಾಕಬಹುದಲ್ಲ! 1920ರಲ್ಲಿ ಆ ಲೆಕ್ಕ ಪ್ರಕಟವಾಯಿತು. ನಕ್ಷತ್ರದ ಬೆಳಕಿನಲ್ಲಿ ಕಾಣುವ ಗೆರೆಗಳಿಂದ ಅದರ ಉಷ್ಣಾಂಶ ಹೇಳುವ ದಾರಿ ಜಗತ್ತಿಗೆ ಸಿಕ್ಕಿದ್ದು ಹೀಗೆ. ಸಾಹಾರ ಸಹಪಾಠಿಯಾಗಿದ್ದ ಜ್ಞಾನಚಂದ್ರ ಘೋಷರು 1939ರಿಂದ 1948ರವರೆಗೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ನಾವು ಇಲ್ಲಿಗೆ ಬರುವ ಮೊದಲೇ ಇಲ್ಲಿಯವರು ಅಲ್ಲಿಗೆ ಹೋಗಿದ್ದರು ನೋಡಿ.

ಆ ಸೈನ್ಸ್ ಕಾಲೇಜಿನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರು ಹೋದರೆ ಬೈಪಾಸ್ ರಸ್ತೆ. ಅದನ್ನು ದಾಟಿದರೆ ಕಲ್ಕತ್ತೆ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕಣ್ಣು ಹಾಯಿಸಿದಷ್ಟೂ ನೀರು. ಇವೇ ಭೇಡಿಗಳು. ನಮ್ಮ ನಗಾರಿ-ಭೇರಿ ಅಲ್ಲ ಮಾರಾಯ್ರೆ, ಇದು ಬಂಗಾಳಿಯ ಭೇಡಿ. ಒಡ್ಡು ಕಟ್ಟಿದ ಮೀನಿನ ಕೊಳ ಅಂತ ಅರ್ಥ. ಬೆಂಗಳೂರಿನಿಂದ ಬಂದ ನೆಂಟರನ್ನು ಸೈನ್ಸ್ ಸಿಟಿಗೆ ಕರೆದುಕೊಂಡು ಹೋದಾಗೆಲ್ಲ ಅಲ್ಲಿಂದ ಬಸಂತಿ ಹೈವೇ ಮೇಲೆ ಸ್ವಲ್ಪ ದೂರ ಕರೆದೊಯ್ದು ಇವನ್ನೂ ತೋರಿಸುವುದು ನನ್ನ ಚಟ. "ಕೆರೆ ಚೆನ್ನಾಗಿದೆ" ಅನ್ನುತ್ತಾರೆ. "ಇದು ಕಲ್ಕತ್ತೆಯ ಕೊಳಚೆ ನೀರು" ಅಂದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ!

ನಿಜ ಹೇಳಬೇಕೆಂದರೆ ಹಿಂದೆ ಸರಿಯಬೇಕಾದ್ದೇನೂ ಇಲ್ಲ. ಹಿಂದೆ ಇಲ್ಲಿ ವಿದ್ಯಾಧರಿ ನದಿಯ ಉಪ್ಪುನೀರು ಬಂದುಹೋಗುತ್ತಿತ್ತು. 1920ರ ದಶಕದ ಹೊತ್ತಿಗೆ ನದಿ ಹೂಳು ತುಂಬಿ ಸತ್ತುಹೋಯಿತು. 1930ರ ಆಸುಪಾಸಿನಲ್ಲಿ ಇಲ್ಲಿಯ ಮೀನುಗಾರರು ನಗರದ ಕೊಳಚೆಯನ್ನೇ ಅಳತೆ ಮಾಡಿ ಕೊಳಕ್ಕೆ ಬಿಟ್ಟು ಮೀನು ಸಾಕುವುದನ್ನು ರೂಢಿಸಿಕೊಂಡರು. ಕೊಳಚೆಯನ್ನು ಬ್ಯಾಕ್ಟೀರಿಯಾ ಒಡೆಯುತ್ತದೆ, ಆ ಸಾರವನ್ನು ಪಾಚಿ ತಿನ್ನುತ್ತದೆ, ಪಾಚಿಯನ್ನೂ ಅದನ್ನು ತಿಂದು ಬೆಳೆದ ಸಣ್ಣ ಜೀವಿಗಳನ್ನೂ ಮೀನು ತಿನ್ನುತ್ತದೆ. ನೀರು ತಿಳಿಯಾಗುತ್ತದೆ. ಯಂತ್ರ ಇಲ್ಲ, ಕರೆಂಟು ಬಿಲ್ಲಿಲ್ಲ. ಬಿಸಿಲೊಂದೇ ಬಂಡವಾಳ.

1980ರ ದಶಕದಲ್ಲಿ ಧ್ರುವಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರು ಕೊಳಚೆ ಎಲ್ಲಿ ಹೋಗುತ್ತದೆ ಅಂತ ಹುಡುಕುತ್ತಾ ಇಲ್ಲಿಗೆ ಬಂದು, ಈ ಜನರ ವಿದ್ಯೆಯನ್ನು ಲೋಕಕ್ಕೆ ತಿಳಿಸಿದರು. 1992ರಲ್ಲಿ ಕಲ್ಕತ್ತಾ ಹೈಕೋರ್ಟು ಈ ಜಾಗದ ಬಳಕೆ ಬದಲಿಸದಂತೆ ತಡೆಯಿತು. 2002ರಲ್ಲಿ ಸುಮಾರು 12,500 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ಪ್ರತ್ಯೇಕ ಕಾನೂನೂ ಬಂತು. 2018ರಲ್ಲಿ ಘೋಷ್ ತೀರಿಕೊಂಡರು. ಇನ್ನೂರಕ್ಕೂ ಹೆಚ್ಚು ಭೇಡಿಗಳು, ಅವುಗಳಲ್ಲಿ ರುಯಿ, ಕಾತ್ಲಾ, ಮೃಗೇಲ್, ತೇಲಾಪಿಯಾ. ಬೆಳಿಗ್ಗೆ ಎದುರುಮನೆ ಬೌದಿಯ ಚೀಲದಲ್ಲಿ ಬರುವ ಮೀನು ಬಹುಶಃ ಅಲ್ಲಿಯದೇ.

ಬಿಸಿಲು ಬಂಡವಾಳ ಅಂದೆನಲ್ಲ, ಅದೇ ಬಿಸಿಲು ಸಾಲಗಾರನೂ ಹೌದು.

ಕೊಳಚೆ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಮೀನು ಕೂಡ ಕಿವಿರಿನ ಮೂಲಕ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ನೀರಿಗೆ ಬಿದ್ದ ಅಮೋನಿಯಾ ಎರಡು ವೇಷದಲ್ಲಿ ಇರುತ್ತದೆ. ಒಂದು, ವಿದ್ಯುದಂಶ ಹೊತ್ತ ಅಮೋನಿಯಂ ಅಯಾನು. ಇದು ಸಾಧು ಪ್ರಾಣಿ, ಪಾಚಿಗೆ ಗೊಬ್ಬರ. ಇನ್ನೊಂದು, ವಿದ್ಯುದಂಶವಿಲ್ಲದ ಬರಿಯ ಅಮೋನಿಯಾ. ಇದು ಕಿವಿರಿನ ಪೊರೆಯನ್ನು ಸಲೀಸಾಗಿ ದಾಟಿ ಒಳಗೆ ನುಗ್ಗುತ್ತದೆ. ಇದೇ ವಿಷ. ಇವೆರಡೂ ಸದಾ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಿರುತ್ತವೆ, ಸಿಯಾಲ್ದಾ ಪ್ಲಾಟ್‌ಫಾರಮ್ಮಿನ ಹಾಗೆ. ಸಾಧು ವೇಷದಿಂದ ವಿಷದ ವೇಷಕ್ಕೆ ಹೋಗುವ ದಿಕ್ಕು ಬಿಸಿಯನ್ನು ಹೀರುವಂಥದ್ದು. ಮುಂದಿನದನ್ನು ನೀವೇ ಊಹಿಸಬಹುದು.

ಲೆಕ್ಕ ಹೀಗಿದೆ. ನೀರಿನ ಪಿಎಚ್ 8 ಇದೆ ಅಂತಿಟ್ಟುಕೊಳ್ಳಿ. 20 ಡಿಗ್ರಿಯ ಚಳಿಗಾಲದ ನೀರಿನಲ್ಲಿ ಒಟ್ಟು ಅಮೋನಿಯಾದ ನೂರು ಪಾಲಿನಲ್ಲಿ ಸುಮಾರು 4 ಪಾಲು ಮಾತ್ರ ವಿಷದ ವೇಷದಲ್ಲಿರುತ್ತದೆ. ಅದೇ ನೀರು 30 ಡಿಗ್ರಿಗೆ ಏರಿದರೆ ಅದು ಸುಮಾರು 7.5 ಪಾಲು. ಹೊಸದಾಗಿ ಒಂದು ಹನಿ ಕೊಳಚೆಯೂ ಬಂದಿಲ್ಲ, ಮೀನೂ ಅಷ್ಟೇ ಇದೆ. ಬರೀ ಬಿಸಿ ಏರಿದ್ದಕ್ಕೆ ವಿಷ ಹೆಚ್ಚುಕಡಿಮೆ ಎರಡರಷ್ಟಾಯಿತು!

ಇದರ ಮೇಲೆ ಇನ್ನೊಂದು ಕಾಟ. ಮಧ್ಯಾಹ್ನದ ಬಿಸಿಲಿಗೆ ಪಾಚಿ ಹುರುಪಿನಿಂದ ಇಂಗಾಲದ ಡೈಆಕ್ಸೈಡನ್ನು ನೀರಿನಿಂದ ಎಳೆದುಕೊಳ್ಳುತ್ತದೆ. ನೀರಿನ ಹುಳಿ ಕಡಿಮೆಯಾಗಿ ಪಿಎಚ್ 9ರ ಕಡೆಗೆ ಏರುತ್ತದೆ. 30 ಡಿಗ್ರಿ, ಪಿಎಚ್ 9 ಎರಡೂ ಕೂಡಿದರೆ ವಿಷದ ಪಾಲು ನೂರಕ್ಕೆ ಸುಮಾರು 45. ಸೂರ್ಯ ಇಳಿದ ಮೇಲೆ ಪಾಚಿ ಇಂಗಾಲದ ಡೈಆಕ್ಸೈಡನ್ನು ವಾಪಸು ಬಿಡುತ್ತದೆ, ನೀರೂ ಒಂದಿಷ್ಟು ತಣಿಯುತ್ತದೆ, ತಕ್ಕಡಿ ಮತ್ತೆ ಸಾಧು ಕಡೆಗೆ.

ಆಗ ಮೀನು ನಿಟ್ಟುಸಿರು ಬಿಡಬಹುದು ಅಂದುಕೊಂಡಿರಾ? ಬಿಡೋಣವೆಂದರೆ ಉಸಿರೇ ಇಲ್ಲ. ಆಮ್ಲಜನಕ ನೀರಿನಲ್ಲಿ ಕರಗುವುದೂ ಒಂದು ಸಮತೋಲನ. ಕರಗುವಾಗ ಅದು ಬಿಸಿಯನ್ನು ಬಿಡುತ್ತದೆ, ಆದ್ದರಿಂದ ಇಲ್ಲಿ ತಕ್ಕಡಿ ಉಲ್ಟಾ. ಬಿಸಿ ಏರಿದಷ್ಟೂ ಆಮ್ಲಜನಕ ನೀರು ಬಿಟ್ಟು ಗಾಳಿಗೆ ಹೋಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬಿಸಿನೀರಿನಲ್ಲಿ ಮೀನಿನ ಮೈಗೆ ಬೇಕಾಗುವುದು ಮಾತ್ರ ಹೆಚ್ಚು. ರಾತ್ರಿಯಿಡೀ ಮೀನು, ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಆ ಇದ್ದಷ್ಟನ್ನೇ ಉಸಿರಾಡಿ ಬೆಳಗಿನ ಜಾವದ ಹೊತ್ತಿಗೆ ತಳ ಕಾಣಿಸುತ್ತವೆ. ಹೀಗೆ ಬೇಸಿಗೆಯ ಮೀನಿಗೆ ಮಧ್ಯಾಹ್ನ ಅಮೋನಿಯಾದ ಕಾಟ, ಬೆಳಗಿನ ಜಾವ ಉಸಿರಿನ ಕಾಟ.

ಕೆಲವು ವರ್ಷಗಳ ಹಿಂದೆ ಬಂತಲಾ ಕಡೆಯ ಒಂದು ಭೇಡಿಯಲ್ಲಿ ಇದನ್ನೆಲ್ಲ ನಾನು ವಿವರಿಸಹೊರಟಾಗ ಅಲ್ಲಿ ಬಲೆ ಒಣಹಾಕುತ್ತಿದ್ದ ಹಿರಿಯರೊಬ್ಬರು ನಕ್ಕರು. "ದಾದಾ, ಗುಮೋಟ್ ಕಟ್ಟಿದ ರಾತ್ರಿ ನಾವು ಮಲಗುವುದೇ ಇಲ್ಲ" ಅಂದರು. ಗುಮೋಟ್ ಅಂದರೆ ಗಾಳಿಯಾಡದ, ಮೋಡ ಮುಚ್ಚಿದ ಸೆಕೆ. ಅಂಥ ರಾತ್ರಿ ಕಳೆದ ಬೆಳಿಗ್ಗೆ "ಮಾಛ್ ಖಾಬಿ ಖಾಯ್". ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ ಅಂತ ಅರ್ಥ. ಬಂಗಾಳಿಗಳು ಕಷ್ಟದಲ್ಲಿ ಒದ್ದಾಡುವ ಮನುಷ್ಯರಿಗೂ ಇದೇ ಮಾತು ಹೇಳುತ್ತಾರೆ. ಹಾಗಾದರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಮೊದಲೇ ತೂಬು ಇಳಿಸುತ್ತೇವೆ. ಕೊಳಚೆ ಕಡಿಮೆ ಬಿಡುತ್ತೇವೆ, ಸ್ವಲ್ಪ ಸ್ವಲ್ಪವೇ. ಮಗುವಿಗೆ ಜ್ವರ ಬರುವ ಹಾಗಿದ್ದರೆ ಹೊಟ್ಟೆ ತುಂಬ ತಿನ್ನಿಸುತ್ತೀರಾ?"

ಬಿಸಿಲು ಬಂದಮೇಲೆ ಮದ್ದು ಹಾಕಿ ತಕ್ಕಡಿಯನ್ನು ವಾಪಸು ವಾಲಿಸುವುದು ಸುಲಭವಲ್ಲ. ಆ ಹೊತ್ತಿನಲ್ಲಿ ಸುಣ್ಣ ಹಾಕಿದರೆ ಪಿಎಚ್ ಏರಿ ವಿಷದ ಪಾಲು ಇನ್ನೂ ಜಾಸ್ತಿಯಾಗುತ್ತದೆ. ಕೈಯಲ್ಲಿರುವುದು ಒಂದೇ, ಒಟ್ಟು ಮೊತ್ತ. ನೂರಕ್ಕೆ ಎಷ್ಟು ಪಾಲು ವಿಷ ಅನ್ನುವುದನ್ನು ಬಿಸಿ ಮತ್ತು ಪಿಎಚ್ ತೀರ್ಮಾನಿಸುತ್ತವೆ. ಆ ನೂರು ಎಷ್ಟು ದೊಡ್ಡದು ಅನ್ನುವುದನ್ನು ತೂಬು ಹಿಡಿದವನು ತೀರ್ಮಾನಿಸುತ್ತಾನೆ. ಪುಸ್ತಕ ಓದದ ಆ ಹಿರಿಯರು ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು.

ಬಿಸಿ ಬರೀ ಶತ್ರು ಅಂತಲೂ ತಿಳಿಯಬೇಡಿ. ಸಮತೋಲನ ಬೇರೆ, ವೇಗ ಬೇರೆ. ಬಿಸಿಯಲ್ಲಿ ಬ್ಯಾಕ್ಟೀರಿಯಾ, ಪಾಚಿ ಎರಡೂ ಚುರುಕಾಗಿ ಕೆಲಸ ಮಾಡುತ್ತವೆ, ಕೊಳಚೆ ಬೇಗ ತಿಳಿಯಾಗುತ್ತದೆ. ಜನವರಿಯ ಚಳಿಯಲ್ಲಿ ಅಪಾಯ ಕಡಿಮೆ, ಆದರೆ ಕೆಲಸವೂ ನಿಧಾನ. ಅಮೋನಿಯಾ ಗೊಬ್ಬರದ ಕಾರ್ಖಾನೆಯವರಿಗೂ ಇದೇ ಇಕ್ಕಟ್ಟು. ಸಾರಜನಕ, ಜಲಜನಕ ಕೂಡಿ ಅಮೋನಿಯಾ ಆಗುವಾಗ ಬಿಸಿ ಹೊರಗೆ ಬರುತ್ತದೆ, ಆದ್ದರಿಂದ ತಣ್ಣಗಿದ್ದಷ್ಟೂ ಇಳುವರಿ ಹೆಚ್ಚು. ಆದರೆ ತಣ್ಣಗಿದ್ದರೆ ಕ್ರಿಯೆ ಮುಂದೆ ಹೋಗುವುದೇ ಇಲ್ಲ! ಅದಕ್ಕೇ ಇಳುವರಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು 400ರಿಂದ 500 ಡಿಗ್ರಿಯಲ್ಲಿ ರಾಜಿಯಾಗುತ್ತಾರೆ. ಮೈಸೂರು ಹತ್ತಿರದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಇದ್ದ ಗೊಬ್ಬರದ ಕಾರ್ಖಾನೆಯಲ್ಲೂ ಇದೇ ರಾಜಿ ನಡೆಯುತ್ತಿತ್ತು. ಬಂತಲಾದ ಹಿರಿಯರೂ ತೂಬಿನ ಹತ್ತಿರ ಕೂತು ಮಾಡುವುದು ಅಂಥದ್ದೇ ರಾಜಿ. ಅವರಿಗೆ ಉಷ್ಣಮಾಪಕ ಬೇಕಿಲ್ಲ, ನೀರಿನ ಬಣ್ಣ, ವಾಸನೆ ಸಾಕು.

2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ ಚಿತ್ರ ನೋಡಿದಾಗ ನನಗೆ ಈ ತೂಬಿನ ನೆನಪು ಬಂತು. ಕೊಳಚೆ, ಆಮ್ಲಜನಕದ ಕೊರತೆ, ಬಿಸಿಲು ಅಂತೆಲ್ಲ ಪತ್ರಿಕೆಗಳಲ್ಲಿ ಬಂತು. ಇಲ್ಲಿಯೂ ಕೊಳಚೆ, ಅಲ್ಲಿಯೂ ಕೊಳಚೆ. ವ್ಯತ್ಯಾಸ ಏನೆಂದರೆ ಇಲ್ಲಿ ಕೊಳಚೆಯನ್ನು ಒಬ್ಬರು ಅಳೆದು ಬಿಡುತ್ತಾರೆ, ಅಲ್ಲಿ ಅದು ತನ್ನಷ್ಟಕ್ಕೆ ನುಗ್ಗುತ್ತದೆ. ಬೆಳ್ಳಂದೂರಿನ ನೊರೆ, ಬೆಂಕಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ನಮ್ಮ ಊರುಗಳಲ್ಲೂ ಕೆರೆಯ ತೂಬಿಗೆ ನೀರಗಂಟಿ ಅಂತ ಒಬ್ಬರು ಇರುತ್ತಿದ್ದರು. ಬೆಂಗಳೂರಿನ ಕೆರೆಗೆ ಈಗ ಎಷ್ಟೋ ಇಲಾಖೆಗಳಿವೆ, ನೀರಗಂಟಿ ಇಲ್ಲ.

ಕಲ್ಕತ್ತೆಯಲ್ಲೂ ಎಲ್ಲವೂ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಕಾನೂನು ಇದ್ದರೂ ಭೇಡಿಯ ಅಂಚಿನಲ್ಲಿ ಮಣ್ಣು ತುಂಬುವುದು, ಅದರ ಮೇಲೆ ಕಟ್ಟಡ ಏಳುವುದು ನಿಂತಿಲ್ಲ. ಭೇಡಿಯ ಆಳ ಹೆಚ್ಚೆಂದರೆ ಎದೆಮಟ್ಟ. ಅಷ್ಟು ತೆಳು ನೀರು ಬೇಗ ಕಾಯುತ್ತದೆ. ಬೇಸಿಗೆ ವರ್ಷವರ್ಷ ಬಿಗಿಯಾಗುತ್ತಿರುವಾಗ ನೀರಿನ ಹರವು ಕಡಿಮೆಯಾದರೆ, ಉಳಿದ ಕೊಳಗಳ ಮೇಲೆ ಬೀಳುವ ಕೊಳಚೆಯ ಹೊರೆ ಹೆಚ್ಚು, ತೂಬು ಇಳಿಸುವ ಹಿರಿಯರ ಕೈಗೆ ಸಿಗುವ ಅವಕಾಶ ಕಡಿಮೆ. ಅವರ ಮಗ ಈಗ ಸಾಲ್ಟ್ ಲೇಕಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಾನಂತೆ. ಆ ವಿದ್ಯೆ ಯಾರಿಗೆ ಹೋಗುತ್ತದೋ!

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆರೆಯ ಪಕ್ಕ ಮನೆ ಮಾಡಿದವರು ಈ ಬರಹ ಓದುತ್ತಿದ್ದರೆ ಒಂದು ಕೆಲಸ ಮಾಡಿ. ಮಾರ್ಚ್, ಏಪ್ರಿಲ್‌ನಲ್ಲಿ ವಾಕಿಂಗಿಗೆ ಹೋಗುವಾಗ ಆರು ಗಂಟೆಯೊಳಗೆ ಕೆರೆಯ ಅಂಚಿಗೆ ಹೋಗಿ ನೋಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಟವಲ್ಲ. ಕೆರೆ ನೋಡಿಕೊಳ್ಳುವವರಿಗೆ ಅವತ್ತೇ ಫೋನು ಮಾಡಿ, ಕೊಳಚೆ ಬರುವ ಮೋರಿ ಯಾವುದು ಅಂತ ತೋರಿಸಿ. ಕಲ್ಕತ್ತೆಗೆ ಬಂದರೆ ವಿಕ್ಟೋರಿಯಾ, ಕಾಳಿಘಾಟ್ ಎಲ್ಲ ಆದಮೇಲೆ ಒಂದು ಬೆಳಿಗ್ಗೆ ನನಗೆ ಬಿಟ್ಟುಕೊಡಿ. ಭೇಡಿ ತೋರಿಸುತ್ತೇನೆ. ಕಾಫಿ ನಮ್ಮ ಮನೆಯದ್ದೇ.